ಮೆಂಬ್ರೇನ್ ಶೆಡ್ಡಿನ ಗುಂಡಿ

೧೯೯೭ನೇ ಇಸವಿ ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ. ಪಾಂಡವಪುರ ಠಾಣೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತು ದಾರಿಗೆ ಅಡ್ಡವಾಗಿದ್ದವು. ಆ ಎತ್ತುಗಳ ಸಂದಿಯಲ್ಲೇ ನುಸುಳಿಕೊಂಡು ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಕಂಕುಳಲ್ಲಿ ಒಂದು ಕಂದು ಹ್ಯಾಟೆಕೋಳಿ, ಇನ್ನೊಂದು ಕೈಯಲ್ಲಿ ಬಿದಿರಿನ ಮಂಕರಿ.

ಹೆಡ್ ಕಾನ್‌ಸ್ಟೆಬಲ್ ಮುದ್ದಯ್ಯ ಬಾಗಿಲಲ್ಲೇ ಕುಳಿತಿದ್ದ. "ಏನವ್ವಾ, ಕೋಳಿ ಕದ್ದೋನ ಹಿಡ್ಕೊಂಡ್ ಬರ್ತಾರೆ, ನೀನು ಕೋಳಿನೇ ಹಿಡ್ಕೊಂಡ್ ಬಂದ್ಬುಟ್ಟಿದೀಯಲ್ಲ?" ಎಂದು ನಕ್ಕ.

"ಈ ಕೋಳಿ ಬದುಕೈತೆ ಸಾಮಿ. ನನ್ ಗಂಡ ಸತ್ತವ್ನೆ. ಅದೆಂಗೆ ಅಂತ ಕೇಳಕ್ ಬಂದೆ."

ಮುದ್ದಯ್ಯನ ನಗು ಹಲ್ಲಿನಲ್ಲೇ ಒಣಗಿತು. ಎದ್ದು, ಅವಳನ್ನು ಒಳಗೆ ಇನ್ಸ್‌ಪೆಕ್ಟರ್ ನಂಜಪ್ಪನವರ ಮೇಜಿನ ಮುಂದೆ ಕರೆದುಕೊಂಡು ಹೋದ.

ಅವಳು ಕ್ಯಾತನಹಳ್ಳಿಯ ಮಂಗಳಮ್ಮ. ಗಂಡ ಚಲುವರಾಜು ಊರಿನಾಚೆಯ ವನಸ್ಪತಿ ಕಾರ್ಖಾನೆಯಲ್ಲಿ ಆಪರೇಟರು. ಹನಿ ತುಪ್ಪ ಅಲ್ಲಿ ಹುಟ್ಟದಿದ್ದರೂ ಸುತ್ತಲ ಹಳ್ಳಿಯವರು ಅದನ್ನು ತುಪ್ಪದ ಫ್ಯಾಕ್ಟ್ರಿ ಎಂದೇ ಕರೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ಚಲುವರಾಜು ಅಲ್ಲಿನ ಗುಂಡಿಯೊಂದರಲ್ಲಿ ಸತ್ತುಬಿದ್ದಿದ್ದ. ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿತ್ತು, ಪರೀಕ್ಷೆ ಮಾಡದೆ ಇಳಿದ ಎಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು. ಠಾಣೆಯಲ್ಲಿ ಅಸ್ವಾಭಾವಿಕ ಮರಣ ಎಂದು ಯುಡಿಆರ್ ದಾಖಲಾಗಿತ್ತು. ಸೋಮವಾರ ಸರ್ಕಾರಿ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮುಗಿದು, ಸಂಜೆಗೆ ಮಣ್ಣೂ ಆಗಿತ್ತು. ಮೈಮೇಲೆ ಗಾಯವಿಲ್ಲ, ಉಸಿರುಕಟ್ಟಿ ಸಾವು ಎಂದು ಡಾಕ್ಟರು ಬರೆದಿದ್ದರು.

"ಕೂತ್ಕೊಳವ್ವ" ಎಂದರು ನಂಜಪ್ಪ. "ಕೋಳಿ ವಿಷ್ಯ ಏನು?"

"ತಿಂಗಳಿಗೊಂದ್ಸಲ ಆ ಗುಂಡಿಗಿಳಿದು ಎಣ್ಣೆ ಕೆಸರು ಬಾಚಬೇಕು ಸಾಮಿ. ಅವತ್ತು ಮನೆಯಿಂದ ಒಂದು ಕೋಳಿ ತಕ್ಕೊಂಡೋಯ್ತಿದ್ರು. ಮಂಕ್ರಿಲಿಟ್ಟು, ಬಾಯಿಗೆ ಬಲೆ ಕಟ್ಟಿ, ತಳಕ್ಕೆ ಇಳಿಸಿ ಒಸಿ ಹೊತ್ತು ಬುಟ್ಟು ಎಳೀತಿದ್ರು. ಕೋಳಿ ಸರಿಯಾಗಿದ್ರೆ ಇಳಿಯೋದು, ತೂಗಾಡುದ್ರೆ ಇಲ್ಲ."

ನಂಜಪ್ಪನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಗಮಂಗಲದ ಕಡೆಯ ಒಣ ಸೀಮೆಯಲ್ಲಿ ಹುಟ್ಟಿದವರು. ಪಾಳುಬಾವಿಗೆ ಇಳಿಯುವ ಮುಂಚೆ ದೀಪ ಇಳಿಸುವುದನ್ನು ಕಣ್ಣಾರೆ ಕಂಡವರು. ಆದರೆ ಎಣ್ಣೆಯನ್ನು ವನಸ್ಪತಿ ಮಾಡಲು ಬಳಸುವ, ಥಟ್ಟನೆ ಹೊತ್ತಿಕೊಳ್ಳುವ ಹೈಡ್ರೋಜನ್ ಇರುವ ಕಡೆ ದೀಪ ಹಚ್ಚುವಂತಿಲ್ಲ, ಬೆಂಕಿಕಡ್ಡಿಯನ್ನು ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ದೀಪದ ಜಾಗಕ್ಕೆ ಕೋಳಿ ಬಂದಿತ್ತು.

"ಈ ಸಲ ಇಳಿಸ್ಲಿಲ್ಲ ಅಂತ ಜೊತೇಲಿದ್ದೋನು ಹೇಳಿಕೆ ಕೊಟ್ಟವ್ನಲ್ಲ?"

"ಸುಳ್ಳು. ಇದ ನೋಡಿ."

ಮಂಕರಿಯನ್ನು ತಿರುಗಿಸಿ ಮೇಜಿನ ಮೇಲಿಟ್ಟಳು. ತಳದ ಬಿದಿರ ಸಂದಿಯಲ್ಲಿ ಹಳದಿ ಬಣ್ಣದ ಜಿಡ್ಡುಕೆಸರು ಮೆತ್ತಿಕೊಂಡಿತ್ತು. ಕಮಟು ವಾಸನೆ ಮೂಗಿಗೆ ಹೊಡೆಯಿತು.

"ಗುಂಡಿ ತಳದ್ದೇ ಇದು. ಪ್ರತಿ ತಿಂಗಳೂ ಬೂದಿ ಹಾಕಿ ಉಜ್ಜೋಳು ನಾನು, ನನಗ್ಗೊತ್ತಿಲ್ವಾ? ಬೇರೆ ಸಲ ನಾಕು ಬೆರಳುದ್ದ ಎಣ್ಣೆ ಹತ್ಕೊಂಡಿರೋದು. ಈ ಸಲ ಬರೀ ತಳ ಸವರಿದಂಗೈತೆ. ಆದ್ರೂ ಇಳಿದೈತೆ ಸಾಮಿ. ಇಳಿದ ಕೋಳಿ ಬದುಕ್ಬಂದೈತೆ. ಆಮೇಲೆ ಇಳಿದೋನು ಯಾಕ್ ಬರ್ಲಿಲ್ಲ?"

ಹ್ಯಾಟೆ ಕಂಕುಳಲ್ಲಿ ಕೊಸರಾಡಿ ಒಮ್ಮೆ ಕೊಕ್ಕೊ ಎಂದಿತು.

"ಮಂಕ್ರಿ ನಿನ್ ಕೈಗೆ ಯಾರು ಕೊಟ್ರು?"

"ಯೆಂಕಟೇಸಣ್ಣನೇ. ಹೆಣದ ಹಿಂದೇನೆ ತಂದು ಜಗ್ಲಿ ಮೇಲಿಟ್ಟು, ತಲೆ ಬಗ್ಗಿಸ್ಕಂಡು ಒಂಟೋದ್ರು."

ಇಳಿಸಲಿಲ್ಲ ಎಂದು ಹೇಳಿಕೆ ಕೊಟ್ಟವನೂ ಅದೇ ವೆಂಕಟೇಶ, ಕಾರ್ಖಾನೆಯ ಮೇಸ್ತ್ರಿ.

ನಂಜಪ್ಪ ದೂರು ಬರೆಸಿಕೊಂಡು ಅವಳಿಗೆ ಓದಿ ಹೇಳಿಸಿದರು. ಹೆಬ್ಬೆಟ್ಟು ಒತ್ತಿದ ಮೇಲೆ ಮಂಕರಿಯನ್ನು ಇಬ್ಬರು ಪಂಚರ ಎದುರು ಬಟ್ಟೆ ಸುತ್ತಿ ಅರಗು ಹಾಕಿದರು. ಕೋಳಿಯನ್ನು ಏನು ಮಾಡುವುದೆಂದು ಬರಹಗಾರ ಪೇದೆ ತಲೆ ಕೆರೆದುಕೊಂಡ. "ಅದು ಸಾಕ್ಷಿ ಅಲ್ವಾ ಸಾರ್?"

"ಸಾಕ್ಷಿಗೆ ಕಾಳು ಯಾರಪ್ಪ ಹಾಕ್ತಾರೆ, ನೀನಾ?" ಎಂದ ಮುದ್ದಯ್ಯ. ಅದನ್ನು ಮಂಗಳಮ್ಮನ ವಶಕ್ಕೇ ಬರೆದುಕೊಟ್ಟರು.

*

ಹನ್ನೊಂದೂವರೆಗೆ ಜೀಪು ಕಾರ್ಖಾನೆಯ ಗೇಟು ದಾಟಿತು. ಪ್ಲಾಂಟ್ ಮ್ಯಾನೇಜರ್ ಕಿಶನ್ ಮೂವತ್ತರ ಆಸುಪಾಸಿನವನು, ಮೈಸೂರಿನಲ್ಲಿ ಓದಿದವನು. ಅಪಘಾತದ ಸಂಜೆಯೇ ಶೆಡ್ಡಿಗೆ ಬೀಗ ಹಾಕಿಸಿ ಕೀಲಿ ತನ್ನಲ್ಲೇ ಇಟ್ಟುಕೊಂಡಿದ್ದ. ಅದೊಂದು ಒಳ್ಳೆಯ ಕೆಲಸವಾಗಿತ್ತು.

ಶೆಡ್ಡಿನೊಳಗೆ ಬಿಳಿ ಬಣ್ಣದ ಒಂದು ಉಕ್ಕಿನ ಕೊಳವೆ ಕಾಲುಗಳ ಮೇಲೆ ಮಲಗಿತ್ತು. ಆಳುದ್ದಕ್ಕಿಂತ ಸ್ವಲ್ಪ ಹೆಚ್ಚು, ತೊಡೆಯ ದಪ್ಪ.

"ಇದೇನು?"

"ಮೆಂಬ್ರೇನ್ ಸಾರ್. ಒಳಗೆ ಕೂದಲಿನಷ್ಟು ಸಣ್ಣ ಟೊಳ್ಳು ಎಳೆಗಳಿವೆ, ಸಾವಿರಾರು. ಎಣ್ಣೆ ಗಟ್ಟಿ ಮಾಡೋಕೆ ತೊಟ್ಟಿಗೆ ಹೈಡ್ರೋಜನ್ ಬಿಡ್ತೀವಿ. ಅಷ್ಟೂ ಎಣ್ಣೆಗೆ ಸೇರೋದಿಲ್ಲ. ಮಿಕ್ಕಿದ್ದು ಬೇರೆ ಗಾಳಿ ಜೊತೆ ಬೆರೆತು ಹೊರಗೆ ಬರುತ್ತೆ. ಮೊದಲೆಲ್ಲ ಅದನ್ನ ಆಕಾಶಕ್ಕೆ ಬಿಡ್ತಿದ್ರು. ಈಗ ಒತ್ತಡದಲ್ಲಿ ಇದರೊಳಕ್ಕೆ ಬಿಟ್ರೆ ಹೈಡ್ರೋಜನ್ ಎಳೆಯ ಗೋಡೆ ದಾಟಿ ಆ ಕಡೆ ಹೋಗುತ್ತೆ. ಮಿಕ್ಕ ಗಾಳಿ ದಾಟಲಾರದೆ ಈ ಕಡೆ ಉಳಿಯುತ್ತೆ."

"ಶ್ಯಾವಿಗೆ ಕಂತೆ ತುಂಬ್ದಂಗೆ ಅನ್ನಿ" ಎಂದ ಮುದ್ದಯ್ಯ.

"ಹಾಗೇ. ಆದರೆ ಒಂದು ಹನಿ ಎಣ್ಣೆ ಸೋಕಿದರೆ ಮುಗೀತು. ಅದಕ್ಕೇ ಮೊದಲು ಈ ಫಿಲ್ಟರ್. ಗಾಳಿಯಲ್ಲಿರೋ ಎಣ್ಣೆಯ ಮಂಜು ಇಲ್ಲಿ ತಡೆದು ಕೆಳಗಿನ ಗುಂಡಿಗೆ ಇಳಿಯುತ್ತೆ."

ಗುಂಡಿ ಎರಡಾಳು ಆಳವಿತ್ತು. ಒಬ್ಬ ಇಳಿಯುವಷ್ಟೇ ಬಾಯಿ, ಕಬ್ಬಿಣದ ಏಣಿ. ನಂಜಪ್ಪ ಟಾರ್ಚು ಬಿಟ್ಟು ನೋಡಿದರು. ತಳದಲ್ಲಿ ಎಣ್ಣೆ ಇರಲಿಲ್ಲ. ಸಿಮೆಂಟಿನ ಮೇಲೆ ತೆಳ್ಳಗೆ ಜಿಡ್ಡು. ಅದರಲ್ಲಿ ಮಂಕರಿಯ ದುಂಡನೆಯ ಅಚ್ಚು ಹಾಗೇ ಕೂತಿತ್ತು, ಪಕ್ಕದಲ್ಲಿ ಮನುಷ್ಯ ಬಿದ್ದು ಒರಗಿದ ಗುರುತು. ಒಂದು ಹಲ್ಲಿ ಅಂಗಾತವಾಗಿ ಸತ್ತಿತ್ತು.

"ತಿಂಗಳ ಎಣ್ಣೆ ಎಲ್ಲಿ?"

ಕಿಶನ್ ಬಗ್ಗಿ ನೋಡಿದ. "ನಾಲ್ಕು ಬೆರಳುದ್ದ ಇರಬೇಕಿತ್ತು ಸಾರ್."

"ಭಾನುವಾರ ಯಂತ್ರ ನಡೀತಿತ್ತಾ?"

"ಇಲ್ಲ. ನಿಲ್ಲಿಸಿದಾಗ ಒಳಗೆ ನೈಟ್ರೋಜನ್ ತುಂಬಿಡ್ತೀವಿ. ಅಲ್ಲಿ ಸಿಲಿಂಡರ್ ಸಾಲಿದೆ. ಶನಿವಾರ ಹೊಸದು ಹಾಕಿಸಿದ್ದೆ." ಅವನ ಕಣ್ಣು ಮೀಟರಿನ ಕಡೆ ಹೋಯಿತು. ಮುಳ್ಳು ಸೊನ್ನೆಯ ಹತ್ತಿರ ಬಿದ್ದಿತ್ತು. "ಇದು... ಸೋರಿರಬೇಕು ಅಂದ್ಕೊಂಡಿದ್ದೆ."

"ನೈಟ್ರೋಜನ್ ಗುಂಡಿಗೆ ಹೋಗೋ ದಾರಿ ಇದ್ಯಾ?"

"ಫಿಲ್ಟರ್ ಕೆಳಗಿನ ಈ ವಾಲ್ವ್ ತೆಗೆದರೆ ಹೋಗುತ್ತೆ. ಗುಂಡೀಲಿ ಯಾರಾದರೂ ಇದ್ದಾಗ ಇದನ್ನ ಮುಟ್ಟೋ ಹಾಗಿಲ್ಲ, ಉಸಿರಾಡೋ ಗಾಳಿನೇ ಇಲ್ಲದ ಹಾಗಾಗುತ್ತೆ."

"ಮುಖಕ್ಕೆ ಹಾಕೋ ಗಾಳಿ ಕೊಳವೆ ಇಲ್ವಾ ನಿಮ್ಮಲ್ಲಿ?"

"ಇದೆ ಸಾರ್. ಆಫೀಸಿನ ಬೀರುವಿನಲ್ಲಿ." ಸ್ವಲ್ಪ ತಡೆದು ಸೇರಿಸಿದ, "ಭಾನುವಾರ ಆಫೀಸು ಬಾಗಿಲು ಹಾಕಿರುತ್ತೆ."

ನಂಜಪ್ಪ ಆ ವಾಲ್ವಿನ ಚಕ್ರದ ಹತ್ತಿರ ಕೂತರು. ಕರವಸ್ತ್ರದ ತುದಿ ತಾಗಿಸಿದರೆ ಅಂಟಿಕೊಂಡಿತು. ಮುದ್ದಯ್ಯ ಮೂಗು ಹತ್ತಿರ ಒಯ್ದು, "ಹರಳೆಣ್ಣೆ ಸಾರ್" ಎಂದ.

"ಸಾಧ್ಯವೇ ಇಲ್ಲ" ಎಂದ ಕಿಶನ್. "ಈ ಶೆಡ್ಡಿಗೆ ಯಾವ ಎಣ್ಣೆನೂ ತರೋ ಹಾಗಿಲ್ಲ."

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಕಸಗುಡಿಸುವ ಚಿಕ್ಕಬೋರಮ್ಮ ಕಿಸಕ್ಕನೆ ನಕ್ಕಳು. "ಅದು ಹಳೇ ಮನೆಯೋರ ಕೈ ಸಾಮಿ. ಅಲ್ಲಿ ಸೋಡಾದ ನೀರು ಕೈ ಸುಡ್ತದಲ್ಲ, ಅದುಕ್ಕೆ ಹರಳೆಣ್ಣೆ ಮೆತ್ಕೊಂಡೇ ಇರ್ತಾರೆ. ಅವ್ರು ಮುಟ್ಟಿದ್ ಬಾಗ್ಲ ಒರಸಿ ಒರಸಿ ನನ್ ರಟ್ಟೆ ಬಿದ್ದೋಗವೆ."

ಹಳೇ ಮನೆ ಎಂದರೆ ಅಂಗಳದಾಚೆಯ ಕೆಂಪು ಹೆಂಚಿನ ಕಟ್ಟಡ. ಅಲ್ಲಿ ಕ್ಷಾರ ಬೆರೆಸಿದ ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್ ತೆಗೆಯುತ್ತಿದ್ದರು.

"ಭಾನುವಾರ ಹಳೇ ಮನೇಲಿ ಯಾರ್ಯಾರು ಇದ್ರವ್ವ?"

"ಇನ್ಯಾರು, ಯೆಂಕಟೇಸಣ್ಣ ಒಬ್ನೇ. ಗೇಟ್ನಾಗೆ ವಾಚ್ಮನ್ನು, ಇಲ್ಲಿ ಪಾಪ ಚಲುವ್ರಾಜ, ಆಮೇಲೆ ನಾನು. ಎಲ್ಲ ಗುಡಿಸಿ ನಾನು ಊಟಕ್ಕೆ ಓಗಿದ್ದೆ ಸಾಮಿ. ಬರೋ ಹೊತ್ಗೆ ಕೂಗಾಟ."

"ಗುಡಿಸ್ವಾಗ ಈ ಚಕ್ರ ಒರಸಿದ್ಯಾ?"

"ಅವತ್ತು ಹೊತ್ತಾರೆನೇ ಒರಸಿದ್ದೆ. ಕನ್ನಡಿಯಂಗಿತ್ತು."

ವೆಂಕಟೇಶ ಮೊದಲಿನ ಹೇಳಿಕೆಯಲ್ಲಿ ಏನನ್ನೂ ಮುಟ್ಟಲಿಲ್ಲ ಎಂದಿದ್ದ. ಗುಂಡಿಯ ಬಾಯಲ್ಲಿ ನಿಂತು ಕೂಗಿ, ಗೇಟಿಗೆ ಓಡಿದೆ ಎಂದಿದ್ದ.

ಸ್ಥಳ ಪಂಚನಾಮೆ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಮಂಡ್ಯದಿಂದ ಬೆರಳಚ್ಚು ತಜ್ಞರು ಬಂದು ಚಕ್ರದ ಮೇಲಿನ ಗುರುತು ಎತ್ತಿಕೊಂಡರು. ಅವರ ಎದುರಿಗೇ ಕಿಶನ್ ಉಕ್ಕಿನ ಕೊಳವೆಯ ಮುಚ್ಚಳ ಬಿಚ್ಚಿಸಿದ. ಒಳಗಿನ ಬಿಳಿ ಎಳೆಗಳು ಎಣ್ಣೆ ಹೀರಿ, ಬಾಚದೆ ಬಿಟ್ಟ ಜಡೆಯ ಹಾಗೆ ಒಂದಕ್ಕೊಂದು ಅಂಟಿ ಹಳದಿಯಾಗಿದ್ದವು.

"ಮೂರು ವಾರದಿಂದ ಹೈಡ್ರೋಜನ್ ಸರಿಯಾಗಿ ಬರ್ತಿರಲಿಲ್ಲ" ಎಂದ ಕಿಶನ್, ಸಣ್ಣ ದನಿಯಲ್ಲಿ. "ಕೊಟ್ಟವರ ಮಾಲೇ ಕೆಟ್ಟದ್ದು ಅಂತ ಜಗಳ ಆಡ್ತಿದ್ದೆ. ಯಾರೋ ಫಿಲ್ಟರನ್ನ ತಪ್ಪಿಸಿ, ಪಕ್ಕದ ದಾರಿ ತೆಗೆದು, ಎಣ್ಣೆ ಸಮೇತ ಒಳಕ್ಕೆ ಬಿಟ್ಟಿದ್ದಾರೆ. ಅದಕ್ಕೇ ಗುಂಡಿಗೆ ಎಣ್ಣೆ ಇಳಿದಿಲ್ಲ. ಆ ದಾರಿಯ ವಾಲ್ವನ್ನ ಯಾರೂ ಮತ್ತೆ ಮುಚ್ಚದ ಹಾಗೆ ಹಿಡಿನೂ ಕಿತ್ತಿದ್ದಾರೆ ನೋಡಿ."

ಹಿಡಿ ಇರಬೇಕಾದ ಕಡೆ ಬರಿಯ ಬೋಳು ಕಂಬಿ ನಿಂತಿತ್ತು.

ಅಂದು ಸಂಜೆ ಕೊಲೆ ಪ್ರಕರಣವೆಂದು, ಭಾರತ ದಂಡ ಸಂಹಿತೆ ೩೦೨ನೇ ಕಲಮಿನಡಿ ಎಫ್‌ಐಆರ್ ದಾಖಲಾಗಿ ಪ್ರತಿ ನ್ಯಾಯಾಲಯಕ್ಕೆ ಹೋಯಿತು.

*

ಬುಧವಾರ ಬೆಳಿಗ್ಗೆ ವೆಂಕಟೇಶನನ್ನು ಕರೆಸಿದರು. ನಲವತ್ತೈದರ ಗಟ್ಟಿ ಆಳು. ನಾಗಮಂಗಲದ ಕಮ್ಮಾರರ ಮನೆಯವನು, ಹದಿನೆಂಟು ವರ್ಷದಿಂದ ಹಳೇ ಮನೆಯ ಮೇಸ್ತ್ರಿ. ಕೈ ಕಟ್ಟಿಕೊಂಡು ನಿಂತ. ಅಂಗೈ ಎಣ್ಣೆಯಿಂದ ಮಿರುಗುತ್ತಿತ್ತು.

"ಚಲುವರಾಜುನೂ ನೀನೂ ಹೆಂಗಿದ್ರಿ?"

"ಚೆನ್ನಾಗಿದ್ವಿ ಸಾಮಿ. ಅವನ ಮದುವೇಲಿ ಚಪ್ಪರ ಹಾಕ್ದೋನು ನಾನು."

"ಗುಂಡಿಗೆ ಒಬ್ಬ ಇಳಿದ್ರೆ ಮೇಲೊಬ್ಬ ಬಾಯಿ ಕಾಯ್ಬೇಕಂತೆ. ಅವತ್ತು ಯಾರು ಕಾದ್ರು?"

"ಅವನು ಕರೀಲಿಲ್ಲ. ಒಬ್ಬನೇ ಇಳಿದ. ಕೋಳಿನೂ ಇಳಿಸ್ಲಿಲ್ಲ. ಬೇಡ ಕಣ್ಲಾ ಅಂದೆ."

"ಕರೀಲಿಲ್ಲ ಅಂತೀಯ, ಬೇಡ ಕಣ್ಲಾ ಅಂದೆ ಅಂತಾನೂ ಅಂತೀಯ."

ವೆಂಕಟೇಶ ಕಟ್ಟಿದ ಕೈ ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಕೋಳಿನ ಅವರ ಮನೆಗೆ ತಕ್ಕೊಂಡೋಗಿ ಕೊಟ್ಟೆಯಲ್ಲ, ಯಾಕೆ?"

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. "ಸತ್ತೋನ ಮನೆ ಕೋಳಿ ಸಾಮಿ" ಎಂದ, ಇದೂ ಒಂದು ಕೇಳುವ ಮಾತೇ ಎಂಬಂತೆ. "ಅಲ್ಲೇ ಬುಟ್ರೆ ವಾಚ್ಮನ್ನು ಕುಯ್ಕೊಂಡ್ ತಿಂತಿದ್ದ. ಸೂತಕದ ಮನೆ ಪದಾರ್ಥ ಬೇರೆಯೋರು ಮುಟ್ಬಾರ್ದು. ಅವರ ಬಾಗ್ಲಿಗೆ ಸೇರುಸ್ಲೇಬೇಕು."

"ಮಂಕ್ರಿ ಸಮೇತ."

"ಮಂಕ್ರಿ ಸಮೇತ."

"ಅದರ ತಳದಲ್ಲಿ ಗುಂಡಿ ಕೆಸರಿತ್ತು, ವೆಂಕಟೇಶ. ಗುಂಡೀಲಿ ಮಂಕ್ರಿ ಕೂತ ಅಚ್ಚೈತೆ. ಕೋಳಿ ಇಳಿದು, ಬದುಕಿ ಮೇಲಕ್ಕೆ ಬಂದೈತೆ. ಅಲ್ಲಿಗಂಟ ಗುಂಡೀಲಿ ಒಳ್ಳೆ ಗಾಳಿನೇ ಇತ್ತು."

ವೆಂಕಟೇಶ ಎಣ್ಣೆಗೈಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ವಾಲ್ವಿನ ಚಕ್ರದ ಮೇಲೆ ಹರಳೆಣ್ಣೆ. ಬೆರಳಚ್ಚು ಎತ್ತವ್ರೆ. ನಿನ್ ಕೈ ಒಂದ್ಸಲ ತೋರ್ಸು."

ಅವನು ಕೈ ತೋರಿಸಲಿಲ್ಲ. ಮೆಲ್ಲಗೆ ಮಂಡಿಯೂರಿ ನೆಲದ ಮೇಲೆ ಕೂತುಬಿಟ್ಟ. ಮುದ್ದಯ್ಯ ಒಂದು ಲೋಟ ನೀರು ಕೊಟ್ಟ. ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡ.

"ಇಬ್ರೂ ಸೇರೇ ಕೋಳಿ ಇಳಿಸಿದ್ವಿ" ಎಂದ ಕೊನೆಗೆ. "ನಾನೇ ಎಳ್ಕೊಂಡೆ. ಅವ್ನು ತಳಕ್ಕಿಳಿದ. ಇಳಿದೋನು ಅಲ್ಲಿಂದ್ಲೇ ಕೂಗಿದ, ಯೆಂಕಟೇಸಣ್ಣ, ಎಣ್ಣೆನೇ ಇಲ್ಲ ಕಣಣ್ಣ, ಯಾವನೋ ಫಿಲ್ಟ್ರು ತಪ್ಪಿಸಿ ಬುಟ್ಟವ್ನೆ, ಆ ನನ್ಮಗನ್ನ ಹಿಡೀದೆ ಬುಡಲ್ಲ, ನಾಳೆ ಸಾಹೇಬ್ರಿಗೆ ತೋರಿಸ್ತೀನಿ ಅಂತ. ನಗ್ತಾ ಅಂದ ಸಾಮಿ. ನಾನು ಅಂತ ಅವನಿಗೆ ಗೊತ್ತಿರ್ಲಿಲ್ಲ."

"ಆಮೇಲೆ?"

"ಚಕ್ರ ಪಕ್ಕದಲ್ಲೇ ಇತ್ತು."

"ತಿರುಗಿಸ್ದೆ."

"ತಿರುಗಿಸ್ದೆ. ಉಸಿರು ಕಟ್ಟಿದ್ರೆ ಕೂಗ್ತಾನೆ, ಕೂಗಿದ್ ತಕ್ಷಣ ಮುಚ್ಬುಡಾನ, ಹೆದರಿ ಮೇಲಕ್ಕೆ ಬರ್ತಾನೆ, ಕಾಲು ಹಿಡ್ಕೊಂಡು ಹೇಳ್ಬ್ಯಾಡ ಕಣಪ್ಪ ಅನ್ನಾನ ಅಂತ ನಿಂತಿದ್ದೆ." ಲೋಟವನ್ನು ನೆಲದ ಮೇಲಿಟ್ಟ. "ಕೂಗ್ಲೇ ಇಲ್ಲ ಸಾಮಿ. ಕೆಮ್ಮೂ ಇಲ್ಲ. ಸಲಿಕೆ ಬಿದ್ದ ಸದ್ದಾಯ್ತು, ಅಷ್ಟೇ."

ನೈಟ್ರೋಜನ್ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಸದು, ಗಂಟಲು ಕೆರೆಸದು. ಅದರಲ್ಲಿ ಸಿಕ್ಕವನಿಗೆ ತಾನು ಸಾಯುತ್ತಿದ್ದೇನೆಂದೇ ತಿಳಿಯದು. ಇದನ್ನು ನಂಜಪ್ಪ ಹಿಂದಿನ ದಿನವಷ್ಟೇ ಡಾಕ್ಟರ ಬಾಯಿಂದ ಕೇಳಿದ್ದರು. ಅದು ವೆಂಕಟೇಶನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅದನ್ನು ಅವರು ಕೇಳಿಯೂ ಕೇಳಿದರು. ಅವನು ಪಂಚೆಯ ತುದಿಯಿಂದ ಅಂಗೈ ಒರೆಸಿಕೊಂಡ.

"ಸದ್ದಾದ ಮೇಲೆ ಮುಚ್ದೆಯಾ?"

"ಒಸಿ ಹೊತ್ತು ನಿಂತಿದ್ದೆ."

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅವನೇ ತೋರಿಸಿಕೊಟ್ಟ ವಸ್ತು ನಿಲ್ಲುತ್ತದೆ ಎಂದು ನಂಜಪ್ಪನವರಿಗೆ ಗೊತ್ತು. "ಪಕ್ಕದ ವಾಲ್ವಿನ ಹಿಡಿ ಎಲ್ಲಿಟ್ಟಿದೀಯ?" ಎಂದರು.

ಮಧ್ಯಾಹ್ನ ಎರಡು ಗಂಟೆಗೆ, ಪಂಚರ ಎದುರು, ಅವನೇ ಮುಂದೆ ನಡೆದು ಹಳೇ ಮನೆಯ ಹಿಂದಿನ ಕ್ಷಾರದ ತೊಟ್ಟಿಯ ಬಳಿ ನಿಂತ. ಉದ್ದನೆಯ ಇಕ್ಕಳ ಇಳಿಸಿ, ತಳ ತಡಕಿ, ಹಿಡಿಯನ್ನು ಎತ್ತಿದ. ಹದಿನೆಂಟು ವರ್ಷ ಅದೇ ಕೆಲಸ ಮಾಡಿದ ಕೈ. ಹನಿಯೊಂದೂ ಪಕ್ಕಕ್ಕೆ ಚೆಲ್ಲಲಿಲ್ಲ. ಜಪ್ತಿ ಪಂಚನಾಮೆ ಬರೆದು, ಮೂರೂವರೆಗೆ ದಸ್ತಗಿರಿ ಮಾಡಿದರು.

ಜೊತೆಯ ಕೆಲಸಗಾರರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಯಾರೂ ಬಯ್ಯಲಿಲ್ಲ, ಯಾರೂ ಅವನ ಕಡೆ ನೋಡಲೂ ಇಲ್ಲ. ಚಿಕ್ಕಬೋರಮ್ಮ ಮಾತ್ರ ಜೀಪಿನ ಹತ್ತಿರ ಬಂದು, "ನಿನ್ ಕೈಗೆ ಹಾವು ಕಡ್ಯಾ. ಅವ್ನು ನಿನ್ನ ಅಣ್ಣ ಅಂತಿದ್ನಲ್ಲೋ" ಎಂದು ಅತ್ತುಬಿಟ್ಟಳು.

*

ಯಾಕೆ ಮಾಡಿದ ಎಂಬುದು ಬಿಡಿಬಿಡಿಯಾಗಿ ತಿಳಿದುಬಂತು.

ಮುದ್ದಯ್ಯ ನಾಗಮಂಗಲಕ್ಕೆ ಹೋಗಿ ವೆಂಕಟೇಶನ ತಾಯಿ ದೊಡ್ಡತಾಯಮ್ಮನನ್ನು ಕಂಡುಬಂದ. ಅವಳ ಗಂಡನ ಕುಲುಮೆಗೆ ಒಂದು ಕಾಲದಲ್ಲಿ ಏಳೂರಿನ ನೇಗಿಲ ಗುಳ ಬರುತ್ತಿತ್ತಂತೆ. ಟ್ರಾಕ್ಟರು ಬಂದವು, ಅಂಗಡಿಯ ಗುಳ ಬಂತು. ಮೊದಲು ವಾರಕ್ಕೆರಡು ದಿನ ಬೆಂಕಿ ಆರಿತು. ಆಮೇಲೆ ನಾಲ್ಕು ದಿನ. ಒಂದು ದಿನ ತಿದಿಯ ಚರ್ಮ ಹರಿದಾಗ ಹೊಲಿಯಲಿಲ್ಲ. ಕುಲುಮೆ ಆರಿದ ಮೇಲೆ ಎರಡು ವರ್ಷ ಮುದುಕ ಯಾರೊಂದಿಗೂ ಮಾತಾಡದೆ, ತಣ್ಣನೆ ಅಡಿಗಲ್ಲಿನ ಮುಂದೆ ಕೂತೇ ಸತ್ತ. "ಇವ್ನು ಆಗ ಹುಡುಗ. ಅಪ್ಪಂಗೆ ಊಟದ ತಟ್ಟೆ ಇಡೋನು, ಎತ್ತೋನು" ಎಂದಳಂತೆ ದೊಡ್ಡತಾಯಮ್ಮ. ಮಗನನ್ನು ಸಮರ್ಥಿಸಲಿಲ್ಲ.

ಮೆಂಬ್ರೇನ್ ಬಂದ ಮೇಲೆ ಹಳೇ ಮನೆಯ ರಾತ್ರಿ ಪಾಳಿ ನಿಂತಿತ್ತು. ವ್ಯರ್ಥವಾಗುತ್ತಿದ್ದ ಹೈಡ್ರೋಜನ್ ವಾಪಸು ಸಿಗುತ್ತಿದ್ದುದರಿಂದ ಅಷ್ಟು ಹೊಸದಾಗಿ ತೆಗೆಯಬೇಕಿರಲಿಲ್ಲ. ಹಳೇ ಮನೆಯ ಆರು ಜನ ಇದನ್ನು ನೋಡಿ ಮಾತಾಡಿಕೊಂಡಿದ್ದರು. ಮೊದಲು ಒಂದು ಪಾಳಿ, ಆಮೇಲೆ ಇನ್ನೊಂದು. ವೆಂಕಟೇಶ ಮಾತಾಡಿರಲಿಲ್ಲ. ಆ ಕ್ರಮವನ್ನು ಅವನು ಹಿಂದೊಮ್ಮೆ ಕೊನೆಯವರೆಗೂ ನೋಡಿದ್ದ.

ಕೊಳವೆ ಕೆಟ್ಟರೆ ಕಂಪನಿಯವರು ಬೇಸತ್ತು ಅದನ್ನು ಕಿತ್ತುಹಾಕುತ್ತಾರೆ ಎಂದುಕೊಂಡಿದ್ದ. ಚಲುವರಾಜು ಎದುರಾಗುತ್ತಾನೆ ಎಂದುಕೊಂಡಿರಲಿಲ್ಲ.

ಪೂರಕ ಹೇಳಿಕೆ ಪಡೆಯಲು ನಂಜಪ್ಪ ಕಿಶನ್‌ನನ್ನು ಠಾಣೆಗೆ ಕರೆಸಿದರು.

"ಹಳೇ ಮನೆ ಯಾವಾಗ ಮುಚ್ಚೋದು ಅಂತಿತ್ತು?"

ಕಿಶನ್ ಅರ್ಥವಾಗದವನಂತೆ ನೋಡಿದ. "ಮುಚ್ಚೋದು? ಯಾಕೆ ಮುಚ್ಚಬೇಕು ಸಾರ್? ಮೆಂಬ್ರೇನ್ ಹೈಡ್ರೋಜನ್ ತಯಾರು ಮಾಡಲ್ಲ. ಇರೋದನ್ನ ಬೇರೆ ಮಾಡಿ ಕೊಡುತ್ತೆ, ಅಷ್ಟೇ. ಎಣ್ಣೆ ಒಳಗೆ ಸೇರಿಹೋದಷ್ಟು ಹೊಸದಾಗಿ ಬರಲೇಬೇಕು, ಹಳೇ ಮನೆಯಿಂದಲೇ ಬರಬೇಕು. ಬರೋ ವರ್ಷ ಇನ್ನೆರಡು ಎಣ್ಣೆ ತೊಟ್ಟಿ ಹಾಕ್ತಿದ್ದೀವಿ. ಮತ್ತೆ ಮೂರು ಪಾಳಿನೂ ನಡೆಸಬೇಕಾಗುತ್ತೆ."

"ಅಂದ್ರೆ ಇದು ಜರಡಿ. ಬೀಸೋ ಕಲ್ಲು ಅದು."

"ಸರಿಯಾಗಿ ಹೇಳಿದ್ರಿ."

"ಜರಡಿ ಬಂತು ಅಂತ ಬೀಸೋ ಕಲ್ಲನ್ನ ಯಾರೂ ಎಸೆಯಲ್ಲ. ಈ ಮಾತು ಅವರಿಗೆ ಯಾರಾದ್ರೂ ಹೇಳಿದ್ರಾ?"

"ಅವರು ಕೇಳಲಿಲ್ಲ ಸಾರ್."

"ಕೇಳೋಕೆ ಹೆದರಿರ್ತಾರೆ."

ಬರಹಗಾರ ಪೇದೆ ಹೇಳಿಕೆ ಓದಿ ಹೇಳಿದ. ಕಿಶನ್ ಸಹಿ ಹಾಕಿ, ಮುಖ ಎತ್ತದೆ ಹೊರಟುಹೋದ.

ಮಾರ್ಚ್ ೨೬ರಂದು ವೆಂಕಟೇಶನನ್ನು ಮಂಡ್ಯ ಜೈಲಿನಿಂದ ಪಾಂಡವಪುರದ ಕೋರ್ಟಿಗೆ ತಂದರು. ಹೆಸರು ಕೂಗುವವರೆಗೆ ಹೊಂಗೆ ಮರದ ಕೆಳಗೆ ಕೂರಿಸಿದ್ದರು. ಬಿಡುವಿನಲ್ಲಿ ನಂಜಪ್ಪನವರೂ ಮುದ್ದಯ್ಯನೂ ಅಲ್ಲಿಗೆ ಬಂದು ನಿಂತರು. ಹದಿನೈದು ದಿನಕ್ಕೇ ಅವನ ಅಂಗೈ ಒಣಗಿ ಬಿರಿದಿತ್ತು.

"ಸಾಮಿ, ಒಂದು ಮಾತು" ಎಂದ. "ಹಳೇ ಮನೆ ಮುಚ್ಬುಟ್ರಾ?"

"ಇಲ್ಲ. ನಡೀತಾ ಐತೆ."

"ಮೂರು ಪಾಳಿನಾ?"

"ಮೂರೂ. ಹೊಸ ಕೊಳವೆ ಬರೋಗಂಟ."

ಕೊನೆಯ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಎಷ್ಟೋ ಕಾಲದ ಹೊರೆ ಇಳಿಸಿದವನ ಹಾಗೆ ಹೆಗಲು ಸಡಿಲ ಬಿಟ್ಟು, ಮರಕ್ಕೆ ಒರಗಿದ. "ಉಳೀತಲ್ಲ" ಎಂದ. "ಆ ಐದು ಜನಕ್ಕಾದ್ರೂ ಉಳೀತಲ್ಲ. ನಾನೊಬ್ಬ ಹಾಳಾದ್ರೆ ಹಾಳಾಗ್ಲಿ ಬುಡಿ ಸಾಮಿ."

ಮುದ್ದಯ್ಯ ನಂಜಪ್ಪನವರ ಮುಖ ನೋಡಿದ. ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು ಹೆಸರು ಕೂಗಿದ. ವೆಂಕಟೇಶ ತಾನಾಗಿಯೇ ಎದ್ದು, ಪಂಚೆಯ ಧೂಳು ಕೊಡವಿಕೊಂಡು, ಪೇದೆಯ ಮುಂದೆ ಮುಂದೆ ಮೆಟ್ಟಿಲು ಹತ್ತಿದ.

"ಅದು ಮುಚ್ತಾನೇ ಇರ್ಲಿಲ್ಲ ಅಂತ ಹೇಳ್ಬೇಕಿತ್ತಾ ಸಾರ್?" ಎಂದ ಮುದ್ದಯ್ಯ.

"ವಿಚಾರಣೇಲಿ ಆ ಮ್ಯಾನೇಜರು ಹೇಳ್ತಾನೆ" ಎಂದರು ನಂಜಪ್ಪ. "ಅಲ್ಲಿಗಂಟ ಇರ್ಲಿ."